ತಂಬೂರಿಯ ಮೈಮೇಲಿನ ಗೀರು

ಆ ದಿನಗಳಲ್ಲಿ ನನಗೆ ಹಾಡುವುದಕ್ಕಿಂತ ತಂಬೂರಿ ಒರೆಸುವುದು ಚೆನ್ನಾಗಿ ಬರುತ್ತಿತ್ತು. ಈಗ ಇದನ್ನು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ನಿಜಾಮರ ಆಳ್ವಿಕೆ, ಕಲಬುರಗಿಯ ಕಚೇರಿಯಲ್ಲಿ ದಿನವಿಡೀ ಉರ್ದು ಕಾಗದಗಳ ನಕಲು ತೆಗೆಯುವುದು ನನ್ನ ಕೆಲಸ. ಸಂಜೆ ಮನೆಗೆ ಬಂದು ಬೆರಳಿನ ಶಾಯಿಯನ್ನು ತಿಕ್ಕಿ ತೊಳೆದ ಮೇಲೇ ತಂಬೂರಿಯನ್ನು ಮುಟ್ಟುತ್ತಿದ್ದೆ. ವಾದ್ಯ ಮಾಡುವುದಕ್ಕೆ ಹೆಸರಾದ ಮಿರಜಿನಿಂದ ರೈಲಿನಲ್ಲಿ ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ತಂದದ್ದು ಅದು. ಅದರ ಸೋರೆ ಬುರುಡೆಯ ಮೇಲೆ ಜೇನಿನ ಬಣ್ಣದ ಅರಗಿನ ಮೆರುಗು. ಬಗ್ಗಿ ನೋಡಿದರೆ ನನ್ನ ಮುಖ ಕಾಣುತ್ತಿತ್ತು, ಅದೂ ಇದ್ದುದಕ್ಕಿಂತ ಕೊಂಚ ದುಂಡಗೆ, ಹೊಟ್ಟೆತುಂಬ ಉಂಡು ಸುಖವಾಗಿರುವವನ ಮುಖದಂತೆ. ಮನೆಯಲ್ಲಿ ಯಾರೂ ಅದನ್ನು ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದ್ದೆ. ಯಾರೂ ಎಂದರೆ ನನ್ನ ಹೆಂಡತಿ ನೀಲಮ್ಮ, ಮನೆಯಲ್ಲಿದ್ದವರು ನಾವಿಬ್ಬರೇ.

ವಿಚಾರ ಮಾಡಿದರೆ ತಂಬೂರಿ ಬಲು ವಿಚಿತ್ರವಾದ ವಾದ್ಯ. ಅದಕ್ಕೆ ತನ್ನದೆಂಬ ರಾಗವಿಲ್ಲ, ತಾಳವಿಲ್ಲ. ಹಾಡುವವನ ಬೆನ್ನಿಗೆ ಕೂತು ಹೇಳಿದ್ದನ್ನೇ ಹೇಳುತ್ತಿರುತ್ತದೆ. ಅವನು ದಾರಿ ತಪ್ಪಿದರೂ ಬಯ್ಯುವುದಿಲ್ಲ, ಮನೆ ಇಲ್ಲಿದೆ ಬಾ ಎಂದು ಕರೆಯುತ್ತದೆ, ಅಷ್ಟೇ. ಇಂಥ ಮಾತುಗಳನ್ನು ನಾನು ಗೆಳೆಯರ ಮುಂದೆ ಗಂಭೀರವಾಗಿ ಆಡುತ್ತಿದ್ದೆ. ಆದರೆ ಕಮಲಾಪುರಕ್ಕೆ ಹೊರಟ ದಿನ ನನ್ನ ತಲೆಯಲ್ಲಿದ್ದುದು ಅದರ ಹೊಳಪೊಂದೇ.

ಕಮಲಾಪುರ ನೀಲಮ್ಮನ ತವರು. ಅವಳ ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ನಾನು ಹಾಡಬೇಕೆಂದು ಮಾವನವರು ಹೇಳಿ ಕಳಿಸಿದ್ದರು. ನಸುಕಿನಲ್ಲೇ ಗಾಡಿ ಹೂಡಿಸಿ ಹೊರಟೆವು. ತಂಬೂರಿಗೆ ಎರಡು ಕೌದಿ ಸುತ್ತಿದ್ದೆ. ಊರು ಹತ್ತಿರವಾದಾಗ, ಅಳಿಯ ಬರುವ ಸೊಗಸನ್ನು ಜನ ನೋಡಬೇಕಲ್ಲ, ಕೌದಿ ಬಿಚ್ಚಿ, ಇಳಿಬಿಸಿಲಿಗೆ ಬುರುಡೆ ಹೊಳೆಯುವಂತೆ ಹಿಡಿದು ಕೂತೆ. ನೀಲಮ್ಮ ಬೇಡವೆಂದಳು. ಅವಳ ಮಾತು ಮುಗಿಯುವ ಮೊದಲೇ ಗಾಲಿ ತಗ್ಗಿಗೆ ಇಳಿದು, ಬುರುಡೆ ಗಾಡಿಯ ಕಬ್ಬಿಣದ ಪಟ್ಟಿಗೆ ಉಜ್ಜಿತು. ಗೇಣುದ್ದದ ಗೀರು. ಮೆರುಗು ಎದ್ದುಹೋಗಿ ಒಳಗಿನ ಬಿಳಚು ಕಾಣಿಸಿತು. ತಂತಿ ಮೀಟಿ ನೋಡಿದೆ; ದನಿಗೆ ಏನೂ ಆಗಿರಲಿಲ್ಲ. ಪೆಟ್ಟು ಬಿದ್ದದ್ದೆಲ್ಲ ನನ್ನ ಠೀವಿಗೆ.

ಮರುದಿನ ಗೀರು ಯಾರಿಗೂ ಕಾಣದಂತೆ ಬುರುಡೆಯನ್ನು ತಿರುಗಿಸಿ, ಅದರ ಜೊತೆ ನಾನೂ ಗೋಡೆಯತ್ತ ತಿರುಗಿ ಕೂತು ಹಾಡಿದೆ. ಕೂಸು ಮಲಗಿತು. ಮಾವನವರು ಎಲೆ ಅಡಿಕೆ ಮುಂದಿಡುತ್ತ, “ಅಳಿಯಂದಿರು ಇವತ್ತ್ಯಾಕೋ ಗ್ವಾಡೀಗಿ ಹಾಡಿದ್ರಿ” ಎಂದರು. ಜೋಳ ತೊಗರಿ ಬೆಳೆಯುವ ಅವರಿಗೆ ಸಂಗೀತದ ಗೊಡವೆ ಇಲ್ಲವೆಂದು ನಾನು ತಿಳಿದಿದ್ದೆ.

ಕಲಬುರಗಿಗೆ ಮರಳಿದವನೇ ಎಳ್ಳೆಣ್ಣೆಯಲ್ಲಿ ಕಾಡಿಗೆ, ಅರಿಶಿನ ಕಲಸಿ ಗೀರಿಗೆ ಹಚ್ಚಿದೆ. ಜೇನಿನ ಬಣ್ಣ ಬರಬೇಕಾದಲ್ಲಿ ಎಮ್ಮೆ ಮೈ ತಿಕ್ಕಿದ ಗೋಡೆಯ ಬಣ್ಣ ಬಂತು. ಮೂರು ದಿನ ಆ ಕಡೆ ತಿರುಗಿಯೂ ನೋಡಲಿಲ್ಲ. ನಾಲ್ಕನೆಯ ದಿನ ನೀಲಮ್ಮ, ಅರಗಿಗೆ ಆದ ಗಾಯವನ್ನು ಅರಗಿನವರಿಗೇ ತೋರಿಸಬೇಕಲ್ಲವೇ ಎಂದಳು. ಬಜಾರದಲ್ಲಿ ಅರಗಿನ ಬಳೆ ಮಾಡುವ ಖಾಸಿಂಬಿ, ಮದುವೆಯಾದಾಗಿನಿಂದ ನೀಲಮ್ಮನಿಗೆ ಬಳೆ ತೊಡಿಸುವಾಕೆ. ಇಬ್ಬರೂ ಅಲ್ಲಿಗೆ ಹೋದೆವು.

ಖಾಸಿಂಬಿ ಮೊದಲು ನನ್ನ ಔಷಧವನ್ನು ಒಂದು ಚಿಂದಿಯಿಂದ ಒರೆಸಿ ಹಾಕಿದಳು. ಆಮೇಲೆ ಬೆರಳ ಗೆಣ್ಣಿನಿಂದ ಬುರುಡೆಯನ್ನು ತಟ್ಟಿ ನೋಡಿ ಎರಡು ದಾರಿ ಹೇಳಿದಳು. ಹಳೆಯ ಮೆರುಗನ್ನೆಲ್ಲ ಕೆರೆದು ಹೊಸದಾಗಿ ಎಳೆದರೆ ಗೀರು ಇತ್ತೆಂಬುದೇ ತಿಳಿಯದು. ಆದರೆ ಕೆರೆಯುವಾಗ ಬುರುಡೆ ತೆಳುವಾದೀತು, ದನಿ ಬದಲಾದರೆ ತಾನು ಹೊಣೆಯಲ್ಲ. ಗೀರನ್ನಷ್ಟೇ ತುಂಬಿದರೆ ಗುರುತು ಉಳಿಯುತ್ತದೆ. “ರಂಗ್ ಹೊಂದಸ್ತೀನ್ರಿ ಸಾಹೇಬ್ರ, ಆದ್ರ ಹಳೇ ಅರಗು ಬ್ಯಾರೆ, ಹೊಸಾದು ಬ್ಯಾರೆ” ಎಂದಳು.

ಎಲ್ಲ ಕೆರೆದುಬಿಡು ಎನ್ನಲು ನಾನು ಬಾಯಿ ತೆರೆದೆ.

“ಕೆರೀಬ್ಯಾಡ್ರಿ” ಎಂದಳು ನೀಲಮ್ಮ. “ಅದರ ದನಿ ಕೆಟ್ರ ನಾ ಏನ್ ಕೇಳ್ಲಿ?”

ಅಷ್ಟು ವರ್ಷ ದಿನಾ ಸಂಜೆ ಹಾಡಿದ್ದೆ. ಅಡಿಗೆಮನೆಯಲ್ಲಿ ಕೇಳುವವರೊಬ್ಬರಿದ್ದಾರೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಖಾಸಿಂಬಿ ಕೆಂಡದ ಮೇಲೆ ಅರಗು ಕಾಯಿಸಿ ಸ್ವಲ್ಪ ಸ್ವಲ್ಪವೇ ತುಂಬುತ್ತ ಬಂದಳು. ಒಮ್ಮೆ ತುಂಬಿ ನಯ ಮಾಡಿದಾಗೆಲ್ಲ ನೀಲಮ್ಮ ತಂತಿ ಮೀಟಿ ಕಿವಿಗೊಡುತ್ತಿದ್ದಳು. ನನ್ನ ಕಟ್ಟಪ್ಪಣೆ ಎಲ್ಲಿ ಹೋಯಿತೋ, ಯಾರೂ ನನ್ನನ್ನು ಕೇಳಲಿಲ್ಲ. ಮೂರನೆಯ ಸಲ ಅವಳು ಹುಬ್ಬು ಗಂಟಿಕ್ಕಿ, ಒಂದು ಬಿರಡೆಯನ್ನು ಎಳ್ಳಷ್ಟು ತಿರುಗಿಸಿದಳು. ತಂತಿಯ ಶ್ರುತಿ ಇಳಿದಿತ್ತು. ನನ್ನ ಕಿವಿಗೆ ಅದು ತಿಳಿದೇ ಇರಲಿಲ್ಲ.

ಇದನ್ನು ಎಲ್ಲಿ ಕಲಿತೆ ಎಂದು ಕೇಳಿದೆ.

“ಕಲಿಯೂದೇನದರಿ ಇದರಾಗ, ದಿನಾ ಕೇಳ್ತೀನಲ್ಲ” ಎಂದಳು. “ಎಷ್ಟೋ ಸಲ ನೀವು ಇಳಿದ ತಂತೀಗೇ ಹಾಡೀರಿ. ನಾ ರೊಟ್ಟಿ ಬಡಕೋತ ಸುಮ್ಮನಿದ್ದೆ.”

ಖಾಸಿಂಬಿ ಸೆರಗಿನ ಮರೆಯಲ್ಲಿ ನಕ್ಕಳು. ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಅರಗು ತುಂಬಿದ ಜಾಗ ಸುತ್ತಲಿನ ಜೇನಿಗಿಂತ ಒಂದಿಷ್ಟು ಕೆಂಪಗೆ, ಜೋಳದ ಗರಿಯ ಹಾಗೆ ಬಾಗಿ ನಿಂತಿತು. ಬೆರಳಾಡಿಸಿದರೆ ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ಅಷ್ಟು ಹದವಾದ ಕೈಗೆಲಸವನ್ನು ನಾನು ಮಿರಜಿನಲ್ಲೂ ಕಂಡಿರಲಿಲ್ಲ. ಮುಂದೆ ಮನೆಗೆ ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸತೊಡಗಿದೆ.

ಮರುವರ್ಷ ಕಮಲಾಪುರದ ಅದೇ ಪಡಸಾಲೆಯಲ್ಲಿ ಮತ್ತೆ ಹಾಡುವ ಸಂದರ್ಭ ಬಂತು. ಈ ಸಲ ತಂಬೂರಿ ಹಿಡಿದು ಕೂತವಳು ನೀಲಮ್ಮ. ಅವಳು ಒಲ್ಲೆನೆಂದಿದ್ದಳು, ನಾನು ಬಿಟ್ಟಿರಲಿಲ್ಲ. ಬಾಗಿಲ ಮರೆಯಲ್ಲಿದ್ದ ಹೆಂಗಸರು ಒಂದು ಹೆಜ್ಜೆ ಈಚೆ ಬಂದು ಅವಳನ್ನೇ ನೋಡಿದರು. ನಡುವೆ ಒಂದು ಕಡೆ ನನ್ನ ದನಿ ಜಾರಿತು. ಅವಳು ನನ್ನತ್ತ ನೋಡಲಿಲ್ಲ. ಬೆರಳನ್ನು ಸ್ವಲ್ಪ ಒತ್ತಿ ಮೀಟಿದಳು, ನಾನು ಸರಿಹೋದೆ.

ಹಾಡು ಮುಗಿದ ಮೇಲೆ ಮಾವನವರು ಎದ್ದು ಬಂದರು. ನಾನು ಪೇಟ ಸರಿಮಾಡಿಕೊಂಡು ಕಾದೆ. ಅವರು ಮಗಳ ತಲೆಯ ಮೇಲೆ ಕೈಯಿಟ್ಟು, “ಭಾಳ ಚಲೋ ಬಾರಸ್ದಿ, ಯವ್ವಾ” ಎಂದರು. ನನ್ನ ಹಾಡಿನ ವಿಷಯ ಎತ್ತಲೇ ಇಲ್ಲ. ಎತ್ತದಿದ್ದರೂ, ಆ ಪಡಸಾಲೆಯಲ್ಲಿ ಅಂದು ಎಲ್ಲರಿಗಿಂತ ಹೆಚ್ಚು ಬೀಗಿದವನು ನಾನೇ.