ಕೋಟೆಯ ಉಳಿದರ್ಧ

ಬೆಳಿಗ್ಗೆ ಎಂದಿನಂತೆ ಅಂಗಳ ತೊಳೆದು, ರಂಗೋಲಿ ಹಾಕಿ, ತುಳಸಿಗೆ ನೀರೆರೆದು ಒಳಗೆ ಬಂದೆ. ಹಾಲು ಕಾಯುವಷ್ಟರಲ್ಲಿ ಮೆಂತ್ಯೆ ಸೊಪ್ಪು ಬಿಡಿಸಿದ್ದಾಯಿತು. ಭಕ್ಕರಿಗೆ ಹಿಟ್ಟು ಕಲಸುವ ಮೊದಲು ಕೈ ಒರೆಸಿಕೊಂಡು, ಟಿವಿಗೆ ಹಚ್ಚಿದ ವಿಡಿಯೋ ಆಟದ ಪೆಟ್ಟಿಗೆಯ ವೈರು ಸಡಿಲಾಗಿಲ್ಲವಷ್ಟೇ ಎಂದು ಇನ್ನೊಮ್ಮೆ ನೋಡಿದೆ. ದೇವದುರ್ಗದಿಂದ ನನ್ನ ನಾದಿನಿ ಬರುವವಳಿದ್ದಳು. ರಾಯಚೂರಿನಲ್ಲಿ ಕಣ್ಣು ತೋರಿಸಿಕೊಂಡು, ನಮ್ಮಲ್ಲಿ ಉಂಡು, ಸಂಜೆಯ ಬಸ್ಸಿಗೆ ಮಾನ್ವಿಯಲ್ಲಿರುವ ತನ್ನ ಮಗಳ ಮನೆಗೆ ಹೋಗುವುದೆಂದು ಮಾತಾಗಿತ್ತು. ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಇಳಿದಿದೆ. ದೃಷ್ಟಿ ಪೂರ್ತಿ ಮಂಕಾಗುವ ಮೊದಲು ಆ ಕೋಟೆಯ ಉಳಿದರ್ಧವನ್ನು ಅವಳಿಗೆ ತೋರಿಸಬೇಕೆಂಬ ಆಸೆ ನನ್ನದು.

ಕೋಟೆಯೆಂದರೆ ಆಟದೊಳಗಿನ ಕೋಟೆ. ನಾನು ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ನಮ್ಮವರು ಹೈದರಾಬಾದಿನಿಂದ ಆಟದ ಪೆಟ್ಟಿಗೆ ತಂದಿದ್ದರು. ಆಡಿದವರು ಮಾತ್ರ ನಾನು ಮತ್ತು ಆಗಿನ್ನೂ ಮದುವೆಯಾಗದ ನಾದಿನಿ, ಊಟವಾದ ಮೇಲಿನ ಮಧ್ಯಾಹ್ನಗಳಲ್ಲಿ. ಕತ್ತಲ ಕೋಟೆಯೊಳಗೆ ಕತ್ತಿ ಹಿಡಿದ ಒಬ್ಬ ಬಿಳಿಚಿದ ವೀರ ಮೆಟ್ಟಿಲಿಂದ ಮೆಟ್ಟಿಲಿಗೆ ಜಿಗಿಯುತ್ತ, ಅಸ್ಥಿಪಂಜರಗಳನ್ನು ಕೆಡವುತ್ತ ಬಲಿಯುತ್ತ ಹೋಗುತ್ತಿದ್ದ. ಯಾವ ಸೀರೆಗೆ ಯಾವ ಬಳೆ ಎಂದು ಆರಿಸುವ ಹಾಗೆ ಅವನಿಗೆ ಕವಚ, ಉಂಗುರ ಆರಿಸುತ್ತಿದ್ದೆವು. ಕಾನ್ವೆಂಟಿನ ಇಂಗ್ಲಿಷು ನನ್ನದು, ಜಿಗಿಯುವ ಕೈ ಅವಳದು.

ಗೋಡೆಯುದ್ದಕ್ಕೂ ಮೇಣದಬತ್ತಿಗಳು ಉರಿಯುತ್ತಿದ್ದವು. ಅವನ್ನು ಹೊಡೆದರೆ ಬೇಕಾದ ಶಕ್ತಿಯೆಲ್ಲ ಉದುರುತ್ತಿತ್ತು. ಹಿಂದೆ ಕೂತು ಹೂಬತ್ತಿ ಹೊಸೆಯುತ್ತಿದ್ದ ಅತ್ತೆಗೆ ಅದು ಸೇರಲಿಲ್ಲ. ನಮ್ಮಲ್ಲಿ ದೀಪವನ್ನು ‘ಆರಿಸು’ ಅನ್ನುವುದೇ ಇಲ್ಲ, ‘ಶಾಂತ ಮಾಡು’ ಅನ್ನಬೇಕು.

“ದೆವ್ವಾ ಎಷ್ಟರ ಕೊಲ್ರಿ, ನಾ ಏನೂ ಅನ್ನಂಗಿಲ್ಲ. ಉರಿಯೋ ದೀಪಕ್ಕ ಕತ್ತಿ ಬೀಸಬ್ಯಾಡ್ರಿ, ನನ್ನ ಎದಿ ಝಲ್ ಅಂತದ.”

ಹಾಗಾಗಿ ಒಂದು ದೀಪವನ್ನೂ ಮುಟ್ಟದೆ ಆಡಿದೆವು. ಶಕ್ತಿ ಸಾಲದೆ ಮತ್ತೆ ಮತ್ತೆ ಸತ್ತೆವು. ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಟಿವಿ ಬಂದ್ ಆಗಬೇಕು. ದೂರದ ಕೋಣೆಗಳೆಲ್ಲ ನಾಳೆಗೆಂದು ಉಳಿದವು. ಅವಳ ಮದುವೆಗೆ ಹಂದರ ಹಾಕುವ ಹಿಂದಿನ ದಿನ ಅವಸರದಲ್ಲಿ ನೇರ ಕೊನೆಯ ಬಾಗಿಲಿಗೆ ಹೋಗಿ, ಅಲ್ಲಿ ಕೂತವನನ್ನು ಕೊಂದೆವು. ಪರದೆಯ ಮೇಲೆ ಹೆಸರುಗಳು ಏರಿದವು. ಮುಗಿಯಿತೆಂದು ಕುಣಿದೆವು. ಅವಳು ದೇವದುರ್ಗಕ್ಕೆ ಹೋದಳು.

ಈಚೆಗೆ ನನ್ನ ಮಗಳು ಅದೇ ಆಟವನ್ನು ಹೊಸ ಪೆಟ್ಟಿಗೆಯಲ್ಲಿ ಹಾಕಿಕೊಟ್ಟು, “ಅಮ್ಮಾ, ನೀವು ಆಡಿದ್ದು ಬರೇ ಅರ್ಧ,” ಎಂದಳು. ನಾವು ಹೋಗದ ಕೋಣೆಯೊಂದರಲ್ಲಿ ಒಂದು ಕನ್ನಡಕವಿತ್ತಂತೆ. ಅದನ್ನು ಹಾಕಿಕೊಂಡು ಹೋದರೆ ಕೊನೆಯ ಬಾಗಿಲಲ್ಲಿ ಕಾದಾಡುವವನನ್ನು ಬೇರೆ ಯಾರೋ ಆಡಿಸುತ್ತಿರುವುದು ಕಾಣುತ್ತದೆ. ಅವನನ್ನು ಕೊಲ್ಲದೆ ಬಿಡಿಸಿದರೆ ಇನ್ನೊಂದು ಇಡೀ ಕೋಟೆ ತೆರೆಯುತ್ತದೆ, ತಲೆಕೆಳಗಾಗಿ. ನಾನು ಸೌಟು ಹಿಡಿದು ಅಲ್ಲೇ ನಿಂತುಬಿಟ್ಟೆ. ಅಂದಿನಿಂದ ಮಧ್ಯಾಹ್ನಗಳಲ್ಲಿ ಒಬ್ಬಳೇ ಆಡಿ, ಕನ್ನಡಕ ಹುಡುಕಿ, ವೀರನನ್ನು ಆ ಬಾಗಿಲ ಮುಂದೆ ನಿಲ್ಲಿಸಿಟ್ಟೆ. ಬಾಗಿಲು ತೆರೆಯುವುದು ಅವಳ ಕೈಗೆ ಎಂದು.

ಮಧ್ಯಾಹ್ನ ಅವಳು ಬಂದಳು. ಕಪ್ಪು ಕನ್ನಡಕ, ಗೋಡೆ ಸವರುತ್ತಿದ್ದ ಕೈ.

“ಕಣ್ಣಾಗ ಔಷಧ ಹಾಕ್ಯಾರ ವೈನಿ. ಸಂಜಿತನಕ ಎಲ್ಲಾ ಮಬ್ಬು. ನಿನ್ನ ಮಾರಿ ಸೈತ ಕಾಣವಲ್ದು.”

“ಛಲೋನ ಆತು. ಕೂದಲಕ್ಕ ಬಣ್ಣ ಹಚ್ಚಿಲ್ಲ ನಾ.”

ನಕ್ಕಳು. ಕಣ್ಣು ತೋರಿಸಲು ಹೋದವರಿಗೆ ಹನಿ ಹಾಕುತ್ತಾರೆಂಬುದು ನನಗೆ ಹೊಳೆದೇ ಇರಲಿಲ್ಲ.

“ಡಾಕ್ಟರ್ ಏನಂದ್ರು?”

“ಇದ್ದಷ್ಟು ಉಳಿಸ್ಕೋರಿ ಅಂದ್ರು.” ಸೆರಗಿನ ತುದಿಯನ್ನು ಮಡಚಿದಳು, ಬಿಚ್ಚಿದಳು.

ಊಟವಾದ ಮೇಲೆ ಟಿವಿ ಹಚ್ಚಿದೆ. ಆಟದ ರಿಮೋಟು ಕೈಗೆ ಬಂದದ್ದೇ ಅವಳ ಹೆಬ್ಬೆರಳುಗಳು ತಾವಾಗಿ ತಮ್ಮ ಜಾಗಕ್ಕೆ ಹೋದವು. ಆದರೆ ವೀರ ಮತ್ತೆ ಮತ್ತೆ ಗೋಡೆಗೆ ಹಾಯುತ್ತಿದ್ದ. ಅವಳು ರಿಮೋಟನ್ನು ನನ್ನ ಮಡಿಲಲ್ಲಿಟ್ಟಳು. “ನೀ ಆಡು, ನಾ ಕೇಳ್ತೀನಿ. ಹಳೇ ಕೋಣಿಯೆಲ್ಲಾ ತಿರುಗಸು.”

ಕಣ್ಣು ಮುಚ್ಚಿಯೇ ಸಂಗೀತದ ಮೇಲೆ ಒಂದೊಂದನ್ನೂ ಗುರುತಿಸಿದಳು. “ಇದು ಗಡಿಯಾರದ ಕೋಣಿ... ಈಗ ನೀರಿನ ಗವಿ.” ಸ್ವಲ್ಪ ಹೊತ್ತಿಗೆ, “ವೈನಿ, ದೀಪ ಒಡದ ಸಪ್ಪಳನ ಇಲ್ಲಲ್ಲ. ಇನ್ನೂ ಒಡ್ಯಂಗಿಲ್ಲೇನು? ಅವ್ವ ಹೋಗಿ ಎಷ್ಟ ವರ್ಷಾತು!”

“ಹಿಂದ ಕೂತಂಗ ಅನಸ್ತದ.”

ಅವಳು ನನ್ನ ಮೊಣಕೈ ಹಿಡಿದುಕೊಂಡಳು.

“ಕೊನೀ ಬಾಗಲಾ ತಗೀಲೇನು?”

“ಬ್ಯಾಡ. ಕಾಣದಿದ್ರ ಏನ್ ಬಂತು? ಮುಂದಿನ ಸಲ ಬಂದಾಗ ನಾನ ತಗೀತೀನಿ.”

ಕುಂಕುಮ ಹಚ್ಚಿ, ಕುಪ್ಪಸದ ಕಣ ಕೊಟ್ಟು, ಬಸ್ ಸ್ಟ್ಯಾಂಡಿನ ತನಕ ಹೋಗಿ ಮಾನ್ವಿ ಬಸ್ಸಿನಲ್ಲಿ ಕೂಡಿಸಿ ಬಂದೆ. ಮುಂದಿನ ಸಲಕ್ಕೆಂದು ಹಾಗೇ ಇಡಬೇಕೆಂದುಕೊಂಡೆ. ಆಗಲಿಲ್ಲ. ಅವಳಿಗೆ ಮುಂದೆ ಕಾಣದೇ ಹೋದರೆ ನಾನಾದರೂ ಬಾಯಿಂದ ಹೇಳಬೇಕಲ್ಲ. ಬಾಗಿಲು ತೆಗೆದೆ, ಅವನನ್ನು ಬಿಡಿಸಿದೆ. ಗೋಪುರಗಳು ಕೆಳಮುಖವಾಗಿ ಇಳಿಬಿದ್ದ, ನೆಲವೆಲ್ಲ ಚಾವಣಿಯಾಗಿದ್ದ ಕೋಟೆ ತೆರೆದುಕೊಂಡಿತು. ತಡೆಯದೆ ಫೋನ್ ಮಾಡಿದೆ.

“ಏನಂದಿ? ಬಸ್ಸಿನ ಗದ್ಲದಾಗ ಕೇಳವಲ್ದು ವೈನಿ. ಆಮ್ಯಾಲೆ ಮಾಡ್ತೀನಿ.”

ದೀಪ ಹಚ್ಚಿದ ಮೇಲೆ ನಾನು ಹೆಪ್ಪು ಕೊಡುವುದಿಲ್ಲವೆಂದು ಗೊತ್ತಿದ್ದ ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಓಡುತ್ತ ಬಂದಳು. ಬಟ್ಟಲಿಗೆ ಮೊಸರು ಹಾಕಿ ಕೊಡುವಾಗ ಅವಳ ಕಣ್ಣು ಟಿವಿಯ ಮೇಲಿತ್ತು.

“ಅಕ್ಕಾರ, ನಿಮ್ ಟಿವ್ಯಾಗ ಚಿತ್ರ ತಲಿ ತೆಳಗಾಗಿ ಬರಾಕತ್ತದಲ್ರೀ. ಒಮ್ಮೆ ಬಂದ್ ಮಾಡಿ ಹಚ್ರಿ, ಸರಿ ಹೋಗ್ತದ.”