ಅವ್ವ ಎಳೆದ ಹನ್ನೊಂದು ಗೀಟು

ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲ. ಅಪ್ಪ ಶಹಾಬಾದದಲ್ಲಿ ಗಣಿತದ ಮಾಸ್ತರು. ಅವ್ವನಿಗೆ ಅಂಕಿ ಬರೆಯಲು ಬರುತ್ತಿರಲಿಲ್ಲ. ಊರ ಮಕ್ಕಳಿಗೆಲ್ಲ ಕಲಿಸಿದ ಮನುಷ್ಯನಿಗೆ ಹೆಂಡತಿಗೆ ಕಲಿಸಲು ಪುರಸೊತ್ತು ಸಿಗಲಿಲ್ಲ. ಇದನ್ನು ಇವತ್ತಿಗೂ ನಾನು ಸಿಟ್ಟಿನಿಂದಲೇ ಹೇಳುತ್ತೇನೆ. ಡಾಕ್ಟರು ಆಕೆಗೆ ಇಪ್ಪತ್ತೊಂದು ದಿನದ ಗುಳಿಗೆ ಕೊಟ್ಟಿದ್ದರು. ದಿನಕ್ಕೊಂದು ನುಂಗಿ, ಮರೆಯಬಾರದೆಂದು ಒಲೆಯ ಪಕ್ಕದ ಗೋಡೆಗೆ ಇದ್ದಿಲಿನಿಂದ ಒಂದು ಗೀಟು ಎಳೆಯುತ್ತಿದ್ದಳು. ಹನ್ನೊಂದು ಗೀಟಾದ ಮೇಲೆ ತೀರಿಕೊಂಡಳು.

ನಾನು ಅಳಲಿಲ್ಲ. ಅಳು ಬರಲಿಲ್ಲ, ಅಷ್ಟೇ. ಮೆಟ್ರಿಕ್ ಮುಗಿಸಿ ಮನೆಯಲ್ಲೇ ಇದ್ದೆ. ರೊಟ್ಟಿ ಬಡಿದೆ, ನೀರು ತುಂಬಿದೆ, ಮಾತಾಡಿಸಲು ಬಂದವರಿಗೆ ಚಹಾ ಕೊಟ್ಟೆ.

ಒಂದು ದಿನ ಅಪ್ಪ ಆ ಗೋಡೆಯ ಮುಂದೆ ನಿಂತು ಗಟ್ಟಿಯಾಗಿ ಓದಿದರು: "ಒಂದು ಸಾವಿರದ ನೂರಾ ಹನ್ನೊಂದು ಕೋಟಿ, ಹನ್ನೊಂದು ಲಕ್ಷ, ಹನ್ನೊಂದು ಸಾವಿರದ ನೂರಾ ಹನ್ನೊಂದು." ಹನ್ನೊಂದು ಗೀಟು ಅವರಿಗೆ ಹನ್ನೊಂದು ಒಂದುಗಳಾಗಿ ಕಂಡಿದ್ದವು. "ಇದು ಒಡಿಯೂದಿಲ್ಲ ನೋಡು," ಅಂದರು. ಅಂದರೆ ಒಂದು ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಅವಿಭಾಜ್ಯ ಸಂಖ್ಯೆ. ಆಕೆ ಬರೆದಿಟ್ಟು ಹೋದದ್ದು ಅದೊಂದೇ. ಅದು ಒಡೆಯಬಾರದು ಎನ್ನುವುದು ಅಪ್ಪನ ಹಟ.

ಸಾವಾದ ಮನೆಯ ಮುಂದೆ ವರ್ಷದವರೆಗೆ ರಂಗೋಲಿ ಹಾಕುವುದಿಲ್ಲ. ಬಾಗಿಲ ಮುಂದಿನ ಫರಸಿಕಲ್ಲು ಖಾಲಿ ಬಿದ್ದಿತ್ತು. ಅಪ್ಪ ಅದರ ಮೇಲೆ ಖಡುವಿನಿಂದ, ಅಂದರೆ ಶಾಲೆಯ ಸೀಮೆಸುಣ್ಣದಿಂದ, ಭಾಗಾಕಾರ ಶುರುಮಾಡಿದರು. ಅಂಕಿಗಳನ್ನು ಕೂಡಿದರೆ ಹನ್ನೊಂದು, ಆದ್ದರಿಂದ ಮೂರು ಹೋಗುವುದಿಲ್ಲ. ಏಳರಿಂದ ಭಾಗಿಸಿದರೆ ಎರಡು ಉಳಿಯಿತು. ಹನ್ನೊಂದು ಒಂದುಗಳಿದ್ದೂ ಹನ್ನೊಂದರಿಂದ ಭಾಗವಾಗಲಿಲ್ಲ. ಅವತ್ತು ಅಪ್ಪ ಅರ್ಧ ರೊಟ್ಟಿ ಹೆಚ್ಚು ಉಂಡರು.

ಅವಿಭಾಜ್ಯ ಸಂಖ್ಯೆಗಳಿಂದಷ್ಟೇ ಭಾಗಿಸಿ ನೋಡಿದರೆ ಸಾಕು. ಅವನ್ನೆಲ್ಲ ನಾವಿಬ್ಬರೂ ಒಂದು ವಹಿಯಲ್ಲಿ ಬರೆದುಕೊಂಡೆವು. ವರ್ಗಮೂಲದವರೆಗೆ, ಅಂದರೆ ಒಂದು ಲಕ್ಷ ಐದು ಸಾವಿರದ ಚಿಲ್ಲರೆಯವರೆಗೆ ಯಾವುದೂ ಹೋಗದಿದ್ದರೆ ಗೆದ್ದ ಹಾಗೆ. ನಾನು ಓದಿ ಹೇಳುವುದು, ಅವರು ಭಾಗಿಸುವುದು. ಅವರು ಶಾಲೆಗೆ ಹೋದಾಗ ನಾನೇ ಭಾಗಿಸುವುದು. ನಮ್ಮ ನಡುವೆ ಬೇರೆ ಮಾತೇ ಇರಲಿಲ್ಲ.

ವರ್ಷ ತುಂಬಿದಾಗ ಚಿತ್ತಾಪುರದಿಂದ ಸೋದರತ್ತೆ ಬಂದಳು. "ಇನ್ನರ ರಂಗೋಲಿ ಹಾಕವಾ. ಮಾಸ್ತರಿಗಿ ತಲಿ ಕೆಟ್ಟದ ಅಂತ ಮಂದಿ ಅನ್ನಾಕತ್ತಾರ."

"ಲೆಕ್ಕ ಮುಗೀಲಿ," ಅಂದರು ಅಪ್ಪ. ಅತ್ತೆ ಮರುದಿನವೇ ಹೋದಳು.

ಅದಾಗಿ ಕೆಲವು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಇಪ್ಪತ್ತೊಂದು ಸಾವಿರದ ಆರುನೂರಾ ನಲವತ್ತೊಂಬತ್ತರಿಂದ ಭಾಗಿಸಿದೆ. ಸೊನ್ನೆ ಉಳಿಯಿತು. ಒರೆಸಿ ಮತ್ತೆ ಮಾಡಿದೆ. ಸೊನ್ನೆ. ತಿರುಗಿ ಗುಣಿಸಿದೆ, ಹನ್ನೊಂದು ಒಂದುಗಳು ಸಾಲಾಗಿ ಬಂದು ಕೂತವು. ಖುಷಿಯೂ ಆಗಲಿಲ್ಲ, ಕೆಟ್ಟದ್ದೂ ಅನ್ನಿಸಲಿಲ್ಲ. ಇದು ಮುಗಿದರೆ ಅಪ್ಪ ತಲೆಯೆತ್ತಿ ನನ್ನನ್ನು ನೋಡಬಹುದು, ಅವ್ವನ ಬಗ್ಗೆ ಒಂದು ಮಾತಾದರೂ ಆಡಬಹುದು ಎಂಬ ಆಸೆ ಮಾತ್ರ ಇತ್ತು. ಲೆಕ್ಕವನ್ನು ಒರೆಸದೆ ಹಾಗೇ ಬಿಟ್ಟೆ.

ಸಂಜೆ ಅಪ್ಪ ಬಂದರು. ಚಪ್ಪಲಿಯನ್ನೂ ಕಳಚದೆ ಕುಕ್ಕರುಗಾಲಲ್ಲಿ ಕೂತು, ಪ್ರತಿ ಸಾಲಿಗೂ ಬೆರಳಿಟ್ಟು ಓದಿದರು. ಎರಡನೆಯ ಸಲವೂ ಓದಿದರು. ಆಮೇಲೆ ಎದ್ದು ಹೋಗಿ ಅರಿವೆ ತೋಯಿಸಿ ತಂದು, ಸೊನ್ನೆಯಿಂದ ಹಿಡಿದು ಮೇಲಿನವರೆಗೆ ತಾವೇ ಒರೆಸಿದರು.

"ತಪ್ಪಾಗ್ಯಾದ," ಅಂದರು. "ಮುಂದಿಂದು ಹೇಳು."

ಸರಿಯಾದ ಲೆಕ್ಕವನ್ನು ಅಪ್ಪ ತಪ್ಪು ಅಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ವಹಿ ತೆರೆದೆ.

"ಇಪ್ಪತ್ತೊಂದು ಸಾವಿರದ ಆರುನೂರಾ ಅರವತ್ತೊಂದು," ಅಂದೆ.