ರಿಪೋರ್ಟ್ ನೆಗೆಟಿವ್ ಇತ್ತು, ಮಹಾದೇವಿ

ಬೇರೆ ಯಾರೋ ಮಹಾದೇವಿ ಇರಬೇಕು ಅಂದುಕೊಂಡೆ...
ಬೆಳಿಗ್ಗೆ ಫೋನ್ ಮಾಡಿದವರನ್ನು ಎರಡು ಸಲ ಕೇಳಿದೆ. "ಯಾವ ಮಹಾದೇವಿ? ಕಮಲಾಪುರದ ಟೀಚರಾ?"
ಹೌದಂತೆ.
ನಿನ್ನೆ ಎಂಟನೇ ಕ್ಲಾಸಿಗೆ ಪಾಠ ಮಾಡುತ್ತಿದ್ದವರು ತಲೆ ಹಿಡಿದುಕೊಂಡು ಕುಳಿತರಂತೆ. ಮೆದುಳಿನಲ್ಲಿ ರಕ್ತಸ್ರಾವ... ಕಲಬುರಗಿಯ ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.
ನಲವತ್ತು ಕೂಡ ತುಂಬಿರಲಿಲ್ಲ.

ಮಧ್ಯಾಹ್ನ ಕಮಲಾಪುರಕ್ಕೆ ಮಣ್ಣಿಗೆ ಹೋಗಿ, ಈಗಷ್ಟೇ ಕಲಬುರಗಿಗೆ, ಖೂಬಾ ಪ್ಲಾಟಿನ ನನ್ನ ಮನೆಗೆ ಬಂದಿದ್ದೇನೆ.
ನಮ್ಮ ಹಳೇ ಲ್ಯಾಬಿನವರೆಲ್ಲ ಬೆಳಿಗ್ಗೆಯಿಂದ ಅವರ ಬಗ್ಗೆ ಒಳ್ಳೊಳ್ಳೆ ಮಾತು ಬರೆದು ಪೋಸ್ಟ್ ಹಾಕಿದ್ದೀರಿ. ನನ್ನ ಬಗ್ಗೆಯೂ... "ಸರ್ ಕೈಯಲ್ಲಿ ಬೆಳೆದವರು" ಅಂತ.
ದಯವಿಟ್ಟು ಅದನ್ನು ಅಳಿಸಿ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ.
ಅವರು ಟೀಚರ್ ಆಗುವ ಮೊದಲಿನ ಮಾತು. ಆಗ ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಸಣ್ಣ ಲ್ಯಾಬ್ ನಡೆಸುತ್ತಿದ್ದೆ. ಕೆಲಸ, ಟಿಬಿಗೆ ಡಿಎನ್‌ಎ ಲಸಿಕೆ. ರೋಗಾಣುವಿನ ಒಂದೇ ಒಂದು ಜೀನ್ ತೆಗೆದು ಇಲಿಗೆ ಚುಚ್ಚುವುದು. ಇಲಿಯ ಮೈಯೇ ರೋಗಾಣುವಿನ ಪ್ರೋಟೀನ್ ತಯಾರಿಸುತ್ತದೆ... ರೋಗ ಬರದೆಯೇ ರೋಗದ ಗುರುತು ಕಲಿಯುತ್ತದೆ.
ಹೊಸ ವಿಷಯ. ಎಲ್ಲರಿಗೂ ಹುಮ್ಮಸ್ಸು.
ಆದರೆ ಇಲಿಗಳ ಪ್ರತಿಕ್ರಿಯೆ ತೀರಾ ಮಂದ. ಡೋಸ್ ಹೆಚ್ಚಿಸಿದೆವು, ಚುಚ್ಚುವ ಜಾಗ ಬದಲಿಸಿದೆವು... ರೀಡಿಂಗ್ ಏಳಲೇ ಇಲ್ಲ.

ಮಹಾದೇವಿ ನಮ್ಮ ರಿಸರ್ಚ್ ಅಸಿಸ್ಟೆಂಟ್. ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಒಂದು ದಿನ ಇಲಿಗಳ ಪಂಜರ ತೊಳೆಯುತ್ತಲೇ ಅಂದರು...
"ಸರ, ಡಿಎನ್‌ಎ ಬರೇ ಪರಿಚಯ ಮಾಡಿಸ್ತದ್ರಿ. ಅದನ್ನ ಇಲಿ ಮರೆಯೂದ್ರಾಗ ಮ್ಯಾಲೊಂದು ಬಿಸಿಜಿ ಕೊಟ್ಟು ನೋಡೋಣೇನ್ರಿ?"
ಬಿಸಿಜಿ ಅಂದರೆ, ಹುಟ್ಟಿದ ಮಕ್ಕಳ ತೋಳಿಗೆ ಹಾಕುವ ಅದೇ ಹಳೇ ಲಸಿಕೆ.
ಒಂದು ಗುಂಪಿಗೆ ಬರೀ ಡಿಎನ್‌ಎ, ಒಂದಕ್ಕೆ ಬರೀ ಬಿಸಿಜಿ, ಇನ್ನೊಂದಕ್ಕೆ ಡಿಎನ್‌ಎ ಆದ ಮೇಲೆ ಬಿಸಿಜಿ. ಪ್ಲಾನ್ ಪೂರ್ತಿ ಅವರದೇ.

ಡಿಎನ್‌ಎ ಕೊಟ್ಟು ಮುಗಿಸುವ ಹೊತ್ತಿಗೆ ಅವರಿಗೆ ಕೆಮ್ಮು ಶುರುವಾಯಿತು.
ಟಿಬಿ.
ಲ್ಯಾಬಿನಿಂದ ಬಂದದ್ದಲ್ಲ... ನಮ್ಮಲ್ಲಿ ರೋಗ ತರುವ ರೋಗಾಣು ಇರಲೇ ಇಲ್ಲ. ಬಸ್ಸಿನಲ್ಲೋ, ಓಣಿಯಲ್ಲೋ, ಎಲ್ಲಿ ತಗುಲಿತೋ.

ಎರಡು ತಿಂಗಳು ರಜೆಯಲ್ಲಿದ್ದು, ಗುಳಿಗೆ ನುಂಗಿ, ವಾಪಸು ಬಂದರು. ಕೈಯಲ್ಲಿ ಕಫದ ರಿಪೋರ್ಟ್... ನೆಗೆಟಿವ್. ಕೆಲಸ ಮಾಡಬಹುದು ಅಂತ ಡಾಕ್ಟರ್ ಬರೆದ ಚೀಟಿ. ಎಲ್ಲರಿಗೂ ಅಂತ ಒಂದು ಚೀಲ ಕಮಲಾಪುರದ ಕೆಂಪು ಬಾಳೆಹಣ್ಣು.
ಯಾರೂ ಮುಟ್ಟಲಿಲ್ಲ.
ನಾನು "ಇವತ್ತು ಉಪವಾಸ" ಅಂದೆ.
ಆಗಷ್ಟೇ ಮಂಡಕ್ಕಿ ಸುಸಲಾ ತಿಂದ ಪ್ಲೇಟು ನನ್ನ ಟೇಬಲ್ ಮೇಲೆಯೇ ಇತ್ತು.

ಮಹಾದೇವಿ... ನೀವು ಆ ಪ್ಲೇಟು ನೋಡಿದಿರಿ. ನನ್ನನ್ನೂ ನೋಡಿದಿರಿ.
ಮೂರು ದಿನ ಬಿಟ್ಟು ಬಿಸಿಜಿ ಕೊಡುವುದಿತ್ತು.
"ಅದೊಂದು ಇಂಜೆಕ್ಷನ್ ನಾ ಮಾಡ್ತೀನ್ರಿ ಸರ. ಆಮ್ಯಾಲ ನೀವು ಹೇಳಿದಂಗ ಕೇಳ್ತೀನಿ" ಅಂದಿರಿ.
"ಉಳದವ್ರು ಅಂಜಾಕತ್ತಾರ್ರಿ... ಸ್ವಲ್ಪ ದಿನ ಮನ್ಯಾಗ ಇರ್ರಿ" ಅಂದೆ.
"ಉಳದವ್ರು ಬಿಡ್ರಿ. ನೀವೂ ಅಂಜತೀರೇನ್ರಿ? ನಿಮಗ ಗೊತ್ತದಲ್ರಿ ಸರ..."

ಗೊತ್ತಿತ್ತು.
ಸರಿಯಾಗಿ ಔಷಧಿ ತೆಗೆದುಕೊಂಡು ಕಫ ಶುದ್ಧವಾದವರಿಂದ ಈ ರೋಗ ಹರಡುವುದಿಲ್ಲ ಅಂತ ವರ್ಷಾ ವರ್ಷ ಪಾಠ ಮಾಡಿದವನು ನಾನೇ.
ಗೊತ್ತಿದ್ದೂ ಅಂಜಿದೆ. ನೀವು ಕೊಟ್ಟ ರಿಪೋರ್ಟನ್ನು ಪೆನ್ನಿನ ತುದಿಯಿಂದ ಸರಿಸಿ ಓದಿದೆ...
ಆ "ಸ್ವಲ್ಪ ದಿನ" ಮುಗಿಯಲೇ ಇಲ್ಲ. ನಿಮ್ಮ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡೆ.

ಬಿಸಿಜಿ ಆ ಹೊಸಬರೇ ಕೊಟ್ಟರು. ಕೆಲವು ವಾರಗಳಾದ ಮೇಲೆ ರೀಡಿಂಗ್ ತೆಗೆದೆವು. ಎರಡೂ ಲಸಿಕೆ ಪಡೆದ ಇಲಿಗಳದ್ದು ಉಳಿದ ಎರಡು ಗುಂಪಿಗಿಂತ ಎಷ್ಟೋ ಮೇಲೆ! ನೀವು ಹೇಳಿದ ಹಾಗೆಯೇ...
ಲ್ಯಾಬಿನಲ್ಲಿ ಪೇಡೆ ಹಂಚಿದೆವು. ನಿಮಗೆ ಒಂದು ಫೋನ್ ಮಾಡಲಿಲ್ಲ.
ಸಂಶೋಧನಾ ಪೇಪರಿನಲ್ಲಿ ನಿಮ್ಮ ಹೆಸರು ಹಾಕಿದೆ, ಅದರ ಒಂದು ಪ್ರತಿ ನಿಮಗೆ ಅಂಚೆಯಲ್ಲಿ ಕಳಿಸಿದೆ, ಅಲ್ಲಿಗೆ ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಉತ್ತರ ಬರಲಿಲ್ಲ. ಊರಲ್ಲೇ ಸೈನ್ಸ್ ಟೀಚರ್ ಆದಿರಿ ಅಂತ ಯಾರೋ ಹೇಳಿದರು.

ಇವತ್ತು ನಿಮ್ಮ ತಮ್ಮ ಶರಣು ನನ್ನನ್ನು ನಿಮ್ಮ ಅವ್ವನ ಹತ್ತಿರ ಕರೆದೊಯ್ದರು.
"ಅವ್ವಾ, ಅಕ್ಕನ ಲ್ಯಾಬಿನ ಸರ. ಅಕ್ಕಗ ಆರಾಮ ಇಲ್ಲದಾಗ ಎಷ್ಟು ಬೇಕಷ್ಟು ರಜಾ ತಗೋರಿ ಅಂದಿದ್ರಲ್ಲ, ಅವರೇ."
ಅವ್ವ ನನ್ನ ಎರಡೂ ಕೈ ಹಿಡಿದುಕೊಂಡರು.
"ಹೌದಪಾ, ಭಾಳ ಹೇಳ್ತಿದ್ಳು. ಸರ ವಾಪಸ್ ಕರ್ಯಾಕತ್ತಾರ, ನಂಗೇ ದಿನಾ ಬಸ್ಸಿಗೆ ಅಡ್ಡಾಡಿ ಸಾಕಾಗೇದ ಅಂತಿದ್ಳು."
ಎದುರಿಗೆ ನಿಮ್ಮನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ...
ನಾನು ಹೌದೆಂದು ತಲೆಯಾಡಿಸಿದೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಮಹಾದೇವಿ ನನ್ನನ್ನು ಕ್ಷಮಿಸಿದ್ದರು... ಮನೆಯವರ ಮುಂದೆ ನನ್ನ ಮರ್ಯಾದೆ ಕಾಪಾಡಿದ್ದರು.
ಇಲ್ಲಿಯವರೆಗೆ ಬರೆದು, ಹಾಕುವ ಮೊದಲು ಶರಣುಗೆ ಫೋನಿನಲ್ಲಿ ಓದಿ ಹೇಳಿದೆ. ಅವರಿಗೆ ಗೊತ್ತಿರಲಿ ಅಂತ.
ಕೊನೆಯವರೆಗೂ ಕೇಳಿಸಿಕೊಂಡರು.
"ನಂಗ ಮೊದ್ಲಿಂದ ಗೊತ್ತದರೀ ಸರ."
"ಮತ್ತ ಅವ್ವನ ಮುಂದ...?"
"ಆ ಬ್ಯಾನಿ ಸಲುವಾಗಿ ಮಗಳನ್ನ ಕೆಲಸದಿಂದ ತೆಗೆದ್ರು ಅಂತ ಗೊತ್ತಾದ್ರ ಅವ್ವ ತಡಕೊಳ್ಳಂಗಿಲ್ಲ ಅಂತ ಅಕ್ಕ ಹಂಗ ಹೇಳ್ತಿದ್ಳು. ಇವತ್ತು ನಾನೂ ಅದಕ್ಕೇ ಹಂಗಂದೆ. ನಿಮ್ಮ ಸಲುವಾಗಿ ಅಲ್ರಿ."

ಹಾಗಾದರೆ ಇದನ್ನು ಹಾಕಲೋ ಬೇಡವೋ ಅಂತ ಕೇಳಿದೆ.
"ಹಾಕ್ರಿ ಸರ" ಅಂದರು. "ಅವ್ವಗ ಓದಾಕ ಬರಂಗಿಲ್ಲ."

ಹಾಕುತ್ತಿದ್ದೇನೆ. ಯಾರೂ ಕೆಳಗೆ ನನಗೆ ಸಮಾಧಾನ ಬರೆಯಬೇಡಿ...

ಶಿವ ನಿಮ್ಮ ಜೀವಕ್ಕೆ ನೆಮ್ಮದಿ ಕೊಡಲಿ, ಮಹಾದೇವಿ.
ಆ ನೆಮ್ಮದಿ ನನಗೆ ಇಷ್ಟು ಬೇಗ ಬೇಡ.